ಸುಮ್ಮನೆ ಮನೆಯಲ್ಲಿದ್ದವಳು

ಗೋವಿಂದಮ್ಮನ ಬಲಗೈಯ ಹೆಬ್ಬೆರಳನ್ನು ತೋರುಬೆರಳಿನಿಂದ ಬಿಡಿಸಲು ಜ್ಯೋತಿಲಕ್ಷ್ಮಿ ಮತ್ತೊಮ್ಮೆ ನೋಡಿದಳು. ಬಿಡಲಿಲ್ಲ. ಬಿಸಿನೀರು ಹೊಯ್ದಾಯಿತು, ಅರಿಶಿನ ಹಚ್ಚಿ ಮೆಲ್ಲಗೆ ಒತ್ತಿದ್ದಾಯಿತು. ಇಲ್ಲದ ಎಳೆಯೊಂದನ್ನು ಹಿಡಿದುಕೊಂಡವಳ ಹಾಗೆ ಅತ್ತೆಯ ಎರಡು ಬೆರಳು ಕೂಡಿಕೊಂಡೇ ಇದ್ದವು.

"ಬಿಡೇ ಅಮ್ಮಾಯಿ, ಎಳೀಬ್ಯಾಡ," ಎಂದಳು ಯರ್ರಮ್ಮ, ಚೆಂಬು ಕೆಳಗಿಡುತ್ತ. ನಾಲ್ಕು ಮನೆ ಆಚೆಯವಳು, ಗೋವಿಂದಮ್ಮನ ವಾರಿಗೆಯವಳು. "ಬದುಕಿದ್ದಾಗ್ಲೇ ಬಿಡ್ಲಿಲ್ಲ ಆ ಬೆರಳು. ಉಣ್ಣೋವಾಗ್ಲೂ ಹಂಗೇ ಇರ್ತಿತ್ತು. ಈಗ ನಿನ್ ಮಾತು ಕೇಳ್ತೈತಾ?"

ಗೋವಿಂದಮ್ಮ ಸತ್ತದ್ದು ಹಿಂದಿನ ದಿನ ಸಂಜೆ. ಮೇ ತಿಂಗಳ ಬಿಸಿಲು ಇಳಿಯುವ ಹೊತ್ತಿಗೆ ರಾಟೆಯ ಮುಂದೆ ಕೂತಿದ್ದವಳು "ತಲೆ ಯಾಕೋ ಭಾರ" ಎಂದು ಗೋಡೆಗೆ ಒರಗಿದಳು, ಒರಗಿದ್ದೇ ಕೊನೆ. ಅರವತ್ತೇಳು ವರ್ಷ. ಮೊಳಕಾಲ್ಮೂರಿನ ಆ ನೇಕಾರರ ಬೀದಿಗೆ ಹದಿನಾರಕ್ಕೆ ಸೊಸೆಯಾಗಿ ಬಂದವಳು ಮತ್ತೆ ಬೀದಿ ಬಿಟ್ಟದ್ದು ಕಡಿಮೆ. ಚಳ್ಳಕೆರೆಯ ಆಸ್ಪತ್ರೆಗೆ ಎರಡು ಸಲ, ಗೌರಸಮುದ್ರದ ಮಾರಮ್ಮನಿಗೆ ವರ್ಷಕ್ಕೊಮ್ಮೆ, ಇಷ್ಟೇ ಅವಳ ದೇಶಾಟನೆ.

ಜ್ಯೋತಿಲಕ್ಷ್ಮಿ ಆ ಬೆರಳುಗಳನ್ನು ಬಿಟ್ಟು ಅಂಗೈಯನ್ನು ಮಾತ್ರ ಒರೆಸಿದಳು. ಒಂಬತ್ತು ವರ್ಷದ ಹಿಂದೆ ಅವಳು ಸೊಸೆಯಾಗಿ ಬಂದ ಹೊಸತರಲ್ಲಿ ರಾಟೆಗೆ ಕೂತರೆ ಗಳಿಗೆಗೊಮ್ಮೆ ಎಳೆ ಹರಿಯುತ್ತಿತ್ತು. ಅತ್ತೆ ಬಯ್ಯಲಿಲ್ಲ. ತನ್ನ ಎರಡು ಬೆರಳ ನಡುವೆ ಸೊಸೆಯ ಬೆರಳು ಸೇರಿಸಿ, "ಹಿಡೀಬ್ಯಾಡ. ಅದು ಹೋಗೋದು ನಿನಗೆ ಗೊತ್ತಾಗ್ತಿರ್ಬೇಕು, ಅಷ್ಟೇ," ಎಂದಿದ್ದಳು. ಜ್ಯೋತಿಲಕ್ಷ್ಮಿಗೆ ಈಗ ಅಳು ಬಂತು. ನಿನ್ನೆಯಿಂದ ಬಂದಿರಲಿಲ್ಲ.

ಅಳು ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಹೊರಗೆ ಮಗ್ಗಗಳ ಸದ್ದು ಕೇಳುತ್ತಿತ್ತು.

ಆ ಬೀದಿಯಲ್ಲಿ ಹಳೆಯ ಕಟ್ಟಳೆಯೊಂದಿದೆ. ನೇಕಾರ ಸತ್ತರೆ ಹೆಣ ಬೀದಿ ದಾಟುವ ತನಕ ನಲವತ್ತೂ ಮಗ್ಗ ನಿಲ್ಲಬೇಕು. ಅಡ್ಡ ಎಳೆ ಹಾಯಿಸಲು ಅವನು ಕೊನೆಗೆ ಆಡಿಸಿದ ಲಾಳಿಯ ಎಳೆಯನ್ನು ಸೀರೆಯಿಂದ ಕತ್ತರಿಸಿ, ಲಾಳಿಯನ್ನು ಅವನ ಕೈಗೆ ಕೊಟ್ಟು ಕಳಿಸಬೇಕು. ಹೆಂಗಸು ಸತ್ತರೆ ಆ ಮನೆಯ ಮಗ್ಗ, ಆಚೀಚೆ ಮನೆಯ ಮಗ್ಗ ನಿಂತರೆ ಸಾಕು. ಹೆಂಗಸರು ನೇಕಾರರಲ್ಲವಲ್ಲ. ಅವರು ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಾರೆ. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯೊಳಗೆ ಕೂರುವ ಬೆರಳುದ್ದದ ಕಡ್ಡಿ. ಅದರ ಮೇಲಿನ ರೇಷ್ಮೆ ಹತ್ತು ಹದಿನೈದು ನಿಮಿಷಕ್ಕೆ ಮುಗಿಯುತ್ತದೆ, ಮುಗಿದರೆ ಇನ್ನೊಂದು ಕೊಡಬೇಕು, ಕೊಡದಿದ್ದರೆ ಮಗ್ಗ ನಿಂತಿತು. ಇದನ್ನು ಅಲ್ಲಿ ಯಾರೂ ಕೆಲಸ ಎಂದು ಕರೆದಿರಲಿಲ್ಲ. ಕೆಟ್ಟ ಮನಸ್ಸಿನಿಂದಲ್ಲ, ಹಿರಿಯರು ಹೇಳಿರಲಿಲ್ಲ, ಕಿರಿಯರು ಕೇಳಿರಲಿಲ್ಲ.

ಬೆಳಗ್ಗೆಯೇ ಬೀದಿಯ ಯಜಮಾನ ಚಂದ್ರಣ್ಣ ಬಂದು ಕೈಮುಗಿದು ಹೋಗಿದ್ದ. ಅವನು ಯರ್ರಮ್ಮನ ಗಂಡ. "ನಂದು ಮದುವೆ ಸೀರೆ ಐತೆ ಬೊಮ್ಮಯ್ಯ, ನಾಳೆ ಕೊಡ್ಬೇಕು. ಎತ್ತೋ ಹೊತ್ತಿಗೆ ಬರ್ತೀನಿ," ಎಂದಿದ್ದ. ಜ್ಯೋತಿಲಕ್ಷ್ಮಿ ತಡೆಯಲಾರದೆ ಬಾಗಿಲಿಗೆ ಬಂದು ಕೇಳಿಯೇಬಿಟ್ಟಿದ್ದಳು.

"ಚಂದ್ರಣ್ಣ ಮಾವ, ಅತ್ತೆಗೂ ಬೀದಿ ನಿಲ್ಲಿಸ್ರಿ. ಲಾಳಿ ಕೊಟ್ಟು ಕಳಿಸ್ರಿ."

ಚಂದ್ರಣ್ಣ ಬೊಮ್ಮಯ್ಯನ ಮುಖ ನೋಡಿದ. ಬೊಮ್ಮಯ್ಯ, ಗೋವಿಂದಮ್ಮನ ಗಂಡ, ನೆಲ ನೋಡಿದ. "ಅಂಥ ಪದ್ಧತಿ ಇಲ್ಲಮ್ಮ," ಎಂದು ಚಂದ್ರಣ್ಣ ಮೆತ್ತಗೆ ಹೇಳಿ ಹೊರಟುಹೋದ. ಬೊಮ್ಮಯ್ಯ, ಐವತ್ತು ವರ್ಷ ನೇಯ್ದ ಮನುಷ್ಯ, ಬೆನ್ನು ಬಾಗಿ, ತನ್ನ ಮಗ್ಗದ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮಗ್ಗದ ಮೇಲೆ ಅರಿಶಿನ ಬಣ್ಣದ ಸೀರೆ ಅರ್ಧಕ್ಕೆ ನಿಂತಿತ್ತು.

ಎಂಟೂವರೆಯ ಬಸ್ಸಿಗೆ ಕೊಂಡ್ಲಹಳ್ಳಿಯಿಂದ ಸಮೀಕ್ಷೆಯ ಮರುಳಪ್ಪ ಬಂದ. ಹೆಗಲಿಗೆ ಚೀಲ, ಚೀಲದಲ್ಲಿ ಫಾರಂಗಳ ಕಟ್ಟು, ಕಿವಿಯ ಮೇಲೆ ಪೆನ್ಸಿಲ್ಲು. ಬೀದಿಯ ತುದಿಯಿಂದಲೇ ನಗುತ್ತ ಬಂದವನು ಬಾಗಿಲ ಮುಂದಿನ ಬೆಂಕಿ ನೋಡಿ ನಿಂತುಬಿಟ್ಟ.

"ಯಾರು?" ಎಂದ.

ಗೋವಿಂದಮ್ಮನ ಮಗ ದೇವೇಂದ್ರ ಹೇಳಿದ. ಮರುಳಪ್ಪ ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕುಸಿದ ಹಾಗೆ ಕೂತ. "ಇವತ್ತು ಬರ್ತೀನಿ ಅಂತ ಹೇಳಿದ್ದೆ ಕಣಪ್ಪ. ಮೊದಲ್ನೇ ಮನೆ ನಿಮ್ದೇ ಅಕ್ಕ ಅಂದಿದ್ದೆ. ಚಾ ಕಾಸಿಟ್ಟಿರ್ತೀನಿ ಬಾ ಅಂದಿದ್ರು," ಎಂದು ಟವೆಲಿನಿಂದ ಮುಖ ಮುಚ್ಚಿಕೊಂಡ.

* * *

ಹತ್ತೊಂಬತ್ತು ವರ್ಷದ ಹಿಂದೆ ಅವನು ಆ ಜಗಲಿಗೆ ಮೊದಲ ಸಲ ಬಂದಾಗಲೂ ಪೆನ್ಸಿಲ್ಲು ಕಿವಿಯ ಮೇಲೆಯೇ ಇತ್ತು. ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದು ಮನೆಮನೆಗೆ ಹೋಗಿ ಪ್ರಶ್ನೆ ಕೇಳಲು ಊರ ಕಡೆಯ ಹುಡುಗರನ್ನು ಹುಡುಕುತ್ತಿತ್ತು. ಮರುಳಪ್ಪ ಹುಡುಗನೇನಲ್ಲ, ಮೂವತ್ತು ದಾಟಿದವನು, ಪಿಯುಸಿಯಲ್ಲಿ ಇಂಗ್ಲಿಷಿನ ಕೈಗೆ ಸಿಕ್ಕಿ ಬಿದ್ದವನು. ಆದರೆ ಅವನಿಗೆ ಕನ್ನಡವೂ ತೆಲುಗೂ ಬರುತ್ತಿತ್ತು, ಕೂತಲ್ಲಿ ಕೂರುವ ತಾಳ್ಮೆಯೂ ಇತ್ತು. ಮನೆಗೆ ಕರೆಂಟು ಎಷ್ಟು ಗಂಟೆ, ಒಲೆಗೆ ಸೌದೆ ಎಷ್ಟು, ಯಾರು ಏನು ಕೆಲಸ ಮಾಡುತ್ತಾರೆ, ಎಷ್ಟು ಹೊತ್ತು ಮಾಡುತ್ತಾರೆ. ಅವನು ಬರೆದದ್ದನ್ನು ಬೆಂಗಳೂರಿನವರು ಕೂಡಿಸುತ್ತಾರೆ, ಅವರು ಕೂಡಿಸಿದ್ದನ್ನು ದೂರದೇಶದವರು ಓದುತ್ತಾರೆ, ಓದಿ ಯಾವ ಊರಿಗೆ ಸೌರಶಕ್ತಿ, ಯಾವ ಊರಿಗೆ ಯಂತ್ರ ಎಂದು ತೀರ್ಮಾನ ಮಾಡುತ್ತಾರೆ. ಒಟ್ಟಿನಲ್ಲಿ ಲೋಕದ ಬಡತನವೆಲ್ಲ ಮರುಳಪ್ಪನ ಪೆನ್ಸಿಲ್ಲಿನ ತುದಿಯಿಂದ ಶುರುವಾಗುತ್ತಿತ್ತು.

ಗೋವಿಂದಮ್ಮ ರಾಟೆ ತಿರುಗಿಸುತ್ತಲೇ ಉತ್ತರ ಕೊಟ್ಟಳು.

"ಅಕ್ಕಾ, ನೀವು ಏನ್ ಕೆಲ್ಸ ಮಾಡ್ತೀರಿ?"

"ನಾನಾ? ನಾನೇನ್ ಮಾಡ್ತೀನಿ ನಾಯನಾ. ನೇಯೋದು ನಮ್ಮನೆಯವ್ರು. ನಾನು ಸುಮ್ನೆ ಮನೇಲಿರ್ತೀನಿ."

"ಮತ್ತೆ ಇದು?" ಮರುಳಪ್ಪ ರಾಟೆ ತೋರಿಸಿದ.

"ಇದಾ? ಇದು ಕೆಲ್ಸಾನಾ? ಕೂತ್ಕೊಂಡು ಮಾಡೋದು," ಎಂದು ಗೋವಿಂದಮ್ಮ ನಕ್ಕಳು. ಮನೆಯ ಯಜಮಾನ ನೇಯುವಾಗ ತನ್ನದೂ ಒಂದು ಕೆಲಸ ಎಂದು ಪರವೂರಿನವನ ಮುಂದೆ ಹೇಳಿಕೊಳ್ಳುವುದು ಅವಳಿಗೆ ದೊಡ್ಡಸ್ತಿಕೆ ಅನ್ನಿಸಿತ್ತು.

ಜನ ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು ಎಂದು ಸಂಸ್ಥೆಯ ಆಜ್ಞೆ. ಮರುಳಪ್ಪ ಕೆಲಸದ ಕಡೆ ಸೊನ್ನೆ ಬರೆದ. ಬರೆದ ಮೇಲೆ ಮನಸ್ಸು ತಡೆಯದೆ ಪಕ್ಕದ ಖಾಲಿ ಜಾಗದಲ್ಲಿ ಸಣ್ಣಕ್ಷರದಲ್ಲಿ ಸೇರಿಸಿದ: "ಸುಮ್ಮನೆ ಇರುತ್ತೇನೆ ಎಂದ ಈಕೆ ನನ್ನ ಪ್ರಶ್ನೆಗಳು ಮುಗಿಯುವಷ್ಟರಲ್ಲಿ ಹನ್ನೊಂದು ಕಂಡಿಕೆ ಸುತ್ತಿದರು."

ನಲವತ್ತು ಮನೆಯಲ್ಲೂ ಅದೇ ಉತ್ತರ, ನಲವತ್ತು ಸೊನ್ನೆ. ವರದಿ ಬಂತು: ಈ ಬೀದಿಯಲ್ಲಿ ರಾಟೆ ಕೆಲಸ ಮಾಡುವ ಹೆಂಗಸರು ಯಾರೂ ಇಲ್ಲ. ಮಾರನೆಯ ವರ್ಷ ಬಿಸಿಲಿನಿಂದ ತಿರುಗುವ ರಾಟೆಗಳು ಬಂದಾಗ ಅವು ಇನ್ನೊಂದು ಜಿಲ್ಲೆಯ ಊರಿಗೆ ಹೋದವು. ಸುಮ್ಮನೆ ಇರುವವರಿಗೆ ರಾಟೆ ಯಾಕೆ? ಮರುಳಪ್ಪ ಬಸ್ಸು ಹತ್ತಿ ಬಂದು ಗೋವಿಂದಮ್ಮನ ಮೇಲೆ ರೇಗಾಡಿದ. ಅವಳು ಭುಜಕ್ಕೆ ನೋವಿನೆಣ್ಣೆ ತಿಕ್ಕಿಕೊಳ್ಳುತ್ತ ಕೇಳಿಸಿಕೊಂಡಳು.

"ಹೋಗ್ಲಿ ಬಿಡು ನಾಯನಾ. ಆ ಊರೋರ ಭುಜಾನೂ ಭುಜಾನೇ ಅಲ್ವಾ?"

* * *

ಒಂಬತ್ತೂವರೆಗೆ ಗೋವಿಂದಮ್ಮನನ್ನು ನಡುಮನೆಯಲ್ಲಿ ಮಲಗಿಸಿದರು. ಹಸಿರು ಸೀರೆ, ಹಣೆತುಂಬ ಕುಂಕುಮ, ಮುಡಿಗೆ ಮಲ್ಲಿಗೆ. ಬೀದಿಯ ಹೆಂಗಸರೆಲ್ಲ ಬಂದು ಗೋಡೆಗುಂಟ ಕೂತರು. ಹೊರಗೆ ಮಗ್ಗಗಳು ನಡೆಯುತ್ತಲೇ ಇದ್ದವು.

ಜ್ಯೋತಿಲಕ್ಷ್ಮಿ ಜಗಲಿಗೆ ಬಂದಳು. ಮರುಳಪ್ಪನ ಚೀಲದಿಂದ ಇಣುಕುತ್ತಿದ್ದ ಫಾರಂ ನೋಡಿದಳು. "ಈ ಸಲಾನೂ ಅತ್ತೆ ಮುಂದೆ ಸೊನ್ನೆ ಬರ್ಯೋಕೆ ಬಂದಿದ್ರಾ ಅಣ್ಣ?" ಎಂದಳು. ಅವನ ತಪ್ಪೇನೂ ಇಲ್ಲವೆಂದು ಗೊತ್ತಿತ್ತು. ಆದರೂ ಯಾರ ಮೇಲಾದರೂ ಸಿಟ್ಟು ತೀರಬೇಕಿತ್ತು.

"ಇಲ್ಲವ್ವ," ಎಂದ ಮರುಳಪ್ಪ. "ಈ ಸಲ ಫಾರಮ್ಮೇ ಬ್ಯಾರೆ. ಇದು ನಿಮ್ಮತ್ತೆ ಮಾಡಿದ್ ಫಾರಂ."

* * *

ಅದು ಮೂರು ವರ್ಷದ ಹಿಂದಿನ ಮಾತು. ಬಿಸಿಲು ವರ್ಷವರ್ಷಕ್ಕೂ ಏರುತ್ತಿದೆಯಲ್ಲ, ತಗಡು ಮಾಡಿನ ಕೆಳಗೆ ಕೂತು ದುಡಿಯುವವರ ಗತಿ ಏನೆಂದು ಅದೇ ಸಂಸ್ಥೆಯವರು ಅಳೆಯಲು ಹೊರಟರು. ಹತ್ತು ಮನೆಯ ಗೋಡೆಗೆ ಶಾಖ ಅಳೆಯುವ ಬೆಂಕಿಪೊಟ್ಟಣದಷ್ಟು ಯಂತ್ರ ನೇತುಹಾಕಿ ಹೋದರು. ತಿಂಗಳ ಮೇಲೆ ನೋಡಿದರೆ ಒಂಬತ್ತು ಮನೆ ಕುದಿಯುತ್ತಿವೆ, ಗೋವಿಂದಮ್ಮನ ಮನೆ ಮಾತ್ರ ತಂಪು. ಬೆಂಗಳೂರಿನಲ್ಲಿ ದೊಡ್ಡ ಚರ್ಚೆಯಾಯಿತು. ಮಾಡಿನ ವಿಶೇಷವೋ, ಗಾಳಿಯ ದಿಕ್ಕೋ, ಗೋಡೆಯ ಮಣ್ಣೋ? ಫೋಟೋ ತೆಗೆದು ಕಳಿಸು ಎಂದು ಮರುಳಪ್ಪನಿಗೆ ಫೋನು ಬಂತು.

ಅವನು ಬಂದು ನೋಡಿದರೆ ಯಂತ್ರದ ಮೇಲೆ ಒದ್ದೆ ಬಟ್ಟೆ.

"ಅಕ್ಕಾ, ಇದೇನ್ರಿ ಇದು!"

"ಪಾಪಂ, ಅದಕ್ಕೂ ಸೆಕೆ ಆಗಲ್ವಾ? ನೀವು ನೇತಾಕಿ ಹೋಗ್ಬಿಟ್ರಿ. ನಿಮ್ ವಸ್ತು, ಏನಾದ್ರೂ ಆದ್ರೆ? ದಿನಕ್ ನಾಲ್ಕ್ ಸಲ ಒದ್ದೆ ಮಾಡಿ ಹೊದಿಸ್ತೀನಿ."

ಮರುಳಪ್ಪ ನಕ್ಕು ನಕ್ಕು ಜಗಲಿಯ ಮೇಲೆ ಉರುಳಿದ. ನಗು ನಿಂತ ಮೇಲೆ ಸುತ್ತ ನೋಡಿದ. ಕಿಟಕಿಗೂ ಒದ್ದೆ ಬಟ್ಟೆ, ರೇಷ್ಮೆಯ ಬುಟ್ಟಿಗೂ ಒದ್ದೆ ಬಟ್ಟೆ. ಒಣ ಬಿಸಿಲಿಗೆ ರೇಷ್ಮೆ ಹರಿಯುತ್ತದೆ, ಒಂದಷ್ಟು ವರ್ಷದಿಂದ ಹೀಗೆ ಮಾಡದೆ ಗತಿಯಿಲ್ಲ ಎಂದಳು ಗೋವಿಂದಮ್ಮ. ನೀರು ಬೀದಿಯ ಕೊನೆಯ ನಲ್ಲಿಯಿಂದ ತರಬೇಕು. ಹದಿನಾರು ವರ್ಷದಲ್ಲಿ ಯಾವ ಫಾರಂನಲ್ಲೂ ಇದಕ್ಕೆ ಜಾಗವಿರಲಿಲ್ಲ.

ಅವತ್ತು ಮರುಳಪ್ಪ ಫಾರಂ ಮಡಚಿಟ್ಟು ಬೇರೆ ಥರ ಕೇಳಿದ. "ನೀವು ಏನ್ ಕೆಲ್ಸ ಮಾಡ್ತೀರಿ ಅಂತ ಕೇಳಲ್ಲಕ್ಕ. ನಿನ್ನೆ ಎದ್ದಾಗಿಂದ ನಿಮ್ ಕೈ ಏನೇನ್ ಮಾಡ್ತು, ಅದ್ನ ಹೇಳ್ರಿ."

ಗೋವಿಂದಮ್ಮ ತನ್ನ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. ತನ್ನ ಬಗ್ಗೆ ಹೇಳಿಕೊಳ್ಳಲು ಅವಳಿಗೆ ನಾಚಿಕೆಯಿತ್ತು, ಕೈಯ ಬಗ್ಗೆ ಹೇಳಲು ಯಾವ ನಾಚಿಕೆಯೂ ಇರಲಿಲ್ಲ. ಒಂದೂವರೆ ಗಂಟೆ ಹೇಳಿದಳು. ಮರುಳಪ್ಪ ಏಳು ಹಾಳೆ ಬರೆದು ಬೆಂಗಳೂರಿಗೆ ಕಳಿಸಿದ. ಅಲ್ಲಿಯ ಮೇಡಂ ಒಬ್ಬರು ಅದನ್ನು ಓದಿ, ಹಳೆಯ ಕಟ್ಟುಗಳ ಧೂಳು ಕೊಡವಿ, ಅವನು ಖಾಲಿ ಜಾಗದಲ್ಲಿ ಬರೆದಿದ್ದ ಸಣ್ಣಕ್ಷರಗಳನ್ನೆಲ್ಲ ಹುಡುಕಿ ತೆಗೆಸಿದರಂತೆ.

* * *

"ನೋಡು," ಎಂದು ಮರುಳಪ್ಪ ಜ್ಯೋತಿಲಕ್ಷ್ಮಿಯ ಕೈಗೆ ಹೊಸ ಫಾರಂ ಕೊಟ್ಟ. ಮೊದಲ ಪ್ರಶ್ನೆ ಅಚ್ಚಿನಲ್ಲಿತ್ತು: ನಿನ್ನೆ ಎದ್ದಾಗಿನಿಂದ ನಿಮ್ಮ ಕೈಗಳು ಏನೇನು ಮಾಡಿದವು? "ಆರು ರಾಜ್ಯದಾಗೆ ಇದೇ ಪ್ರಶ್ನೆ ಕೇಳ್ತಾರಂತೆ. ಈ ಬೀದಿಗೆ ಬಿಸಿಲ ರಾಟೆ ಬರೋದೂ ಇದ್ರ ಮೇಲೇನೇ. ಮೊದಲು ಅಕ್ಕನ ಮನೇಲೇ ಕೇಳು ಅಂದಿದ್ರು ಮೇಡಂ."

ಜ್ಯೋತಿಲಕ್ಷ್ಮಿ ಫಾರಂ ಹಿಡಿದು ಒಳಗೆ ಹೋದಳು. ಮಗ್ಗದ ಅಂಚಿನಲ್ಲಿ ಕೂತ ಮಾವನ ಮುಂದೆ ನಿಂತಳು.

"ಮಾವ, ಮರುಳಪ್ಪಣ್ಣ ಬರ್ಕೊಬೇಕಂತೆ. ಅತ್ತೆ ಏನ್ ಕೆಲ್ಸ ಮಾಡ್ತಿದ್ರು?"

ಅವಳು ಬೇಕೆಂದೇ ಹಳೆಯ ಪ್ರಶ್ನೆ ಕೇಳಿದ್ದಳು. ಬೊಮ್ಮಯ್ಯನ ಬಾಯಿಂದ ರೂಢಿಯ ಮಾತೇ ಬಂತು.

"ಏನ್ ಕೆಲ್ಸ... ಸುಮ್ನೆ ಮನೇಲಿದ್ಲು."

ಹೇಳಿದ ಮೇಲೆ ಅವನಿಗೇ ಅದು ಕೇಳಿಸಿತು. ಗೋಡೆಗುಂಟ ಕೂತ ಹೆಂಗಸರು ತಲೆಯೆತ್ತಿ ನೋಡಿದರು. ಬೊಮ್ಮಯ್ಯ ಮುಖ ತಿರುಗಿಸಿದ. ತಿರುಗಿಸಿದ ಕಡೆಯಲ್ಲಿ ರಾಟೆ ಇತ್ತು.

ಮರುಳಪ್ಪ ಹೊಸ್ತಿಲಿಗೆ ಬಂದ. "ಯಜಮಾನ್ರೇ, ಹಂಗ್ ಕೇಳ್ಬಾರ್ದು, ನಮ್ದೇ ತಪ್ಪು. ನಿನ್ನೆ ಎದ್ದಾಗಿಂದ ಆಯಮ್ಮನ ಕೈ ಏನೇನ್ ಮಾಡ್ತು, ನೆಪ್ಪೈತಾ?"

ಬೊಮ್ಮಯ್ಯ ರಾಟೆಯನ್ನೇ ನೋಡುತ್ತ ಶುರುಮಾಡಿದ.

"ನಾಕಕ್ಕೆ ಎದ್ಲು. ನಲ್ಲಿಗ್ ಹೋಗಿ ಆರು ಕೊಡ ತಂದ್ಲು. ಕಿಟಕಿ ಬಟ್ಟೆ ಒದ್ದೆ ಮಾಡಿದ್ಲು. ನಾನ್ ಮಗ್ಗಕ್ಕೆ ಇಳಿಯೋ ಹೊತ್ತಿಗೆ ಬುಟ್ಟಿ ತುಂಬಿತ್ತು. ಹಾಸಿನಾಗೆ ಎಂಟು ಎಳೆ ಹರಿದಿದ್ವು, ನನಗ್ ಕಣ್ಣು ಕಾಣಲ್ಲ, ಅವಳೇ ಗಂಟಾಕಿದ್ಲು. ಅಂಚಿನ ಬಣ್ಣ ಒಂದು ಚೂರು ಮಬ್ಬು ಐತೆ ಅಂದ್ಲು. ನಾನು ಇಲ್ಲ ಅಂದೆ. ಬಿಚ್ಚಿ ನೋಡಿದ್ರೆ ಹೌದು. ಯಾವಾಗ್ಲೂ ಅವ್ಳು ಹೇಳಿದ್ದೇ ಹೌದು. ಯಾವ ಸೀರೆಗೆ ಸಭೇಲಿ ಕರ್ದು ನನಗ್ ಶಾಲು ಹೊದಿಸಿದ್ರೋ, ಅದ್ರ ಬಣ್ಣಾನೂ ಅವ್ಳೇ ಕೂಡಿಸಿದ್ದು. ಊಟ ಆಯ್ತು. ಮತ್ತೆ ನೀರು. ಮತ್ತೆ ರಾಟೆ. ನಾನ್ ಎರಡು ತಾಸು ಮಲಗಿದ್ದೆ, ಅವ್ಳು ಸುತ್ತುತಾನೇ ಇದ್ಲು. ಕೊನೇ ಕಂಡಿಕೆ ನನ್ ಕೈಗ್ ಕೊಟ್ಟು ತಲೆ ಭಾರ ಅಂದ್ಲು. ಅದು ಲಾಳೀಲೇ ಐತೆ. ಒಂದ್ ಎಳೆ ಹಾಯಿಸಿದ್ದೆ, ಅಷ್ಟೇ."

ಅಷ್ಟು ದೊಡ್ಡ ಮಾತನ್ನು ಬೊಮ್ಮಯ್ಯ ತನ್ನ ಜನ್ಮದಲ್ಲಿ ಆಡಿರಲಿಲ್ಲ. ಮುಗಿಸಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿದ. ಮರುಳಪ್ಪನ ಪೆನ್ಸಿಲ್ಲು ಬರೆಯುತ್ತಲೇ ಇತ್ತು.

ಅದೇ ಹೊತ್ತಿಗೆ ಚಂದ್ರಣ್ಣ ಬಾಗಿಲಲ್ಲಿ ಕಾಣಿಸಿಕೊಂಡ. ಒಳಗೆ ನಡೆದದ್ದು ಅವನಿಗೆ ಗೊತ್ತಿಲ್ಲ. ಅವನ ಕೈಯಲ್ಲಿ ಬರಿದಾದ ಕಂಡಿಕೆಗಳ ಬುಟ್ಟಿಯಿತ್ತು. ಸಂಕೋಚದಿಂದಲೇ ಹೆಂಡತಿಯನ್ನು ಕರೆದ.

"ಯರ್ರಮ್ಮಾ, ಬುಟ್ಟಿ ಖಾಲಿ ಆಯ್ತು. ಒಂದು ಹತ್ತು ಕಂಡಿಕೆ ಸುತ್ಕೊಟ್ಟು ಬಂದ್ಬಿಡು. ಎತ್ತೋಕೆ ಇನ್ನಾ ಹೊತ್ತೈತೆ."

ಯರ್ರಮ್ಮ ಕೂತಲ್ಲಿಂದ ಏಳಲಿಲ್ಲ. ಗೋವಿಂದಮ್ಮನ ಕಾಲ ಬಳಿ ಸೆರಗು ಸರಿಮಾಡಿಕೊಂಡು ಕೂತಳು.

"ನನಗೇನ್ ಬರ್ತೈತೆ? ನಾನು ಸುಮ್ನೆ ಮನೇಲಿರೋಳು."

ಯಾರೋ ಒಬ್ಬಳು ಅಳುವಿನ ನಡುವೆಯೇ ಕಿಸಕ್ಕನೆ ನಕ್ಕಳು. ಚಂದ್ರಣ್ಣನಿಗೆ ಅರ್ಥವಾಗಲಿಲ್ಲ. "ಏನಂದೆ?" ಎಂದ. ಅಷ್ಟರಲ್ಲಿ ಅವನ ಹಿಂದೆ ಇನ್ನೊಬ್ಬ ಬಂದು ನಿಂತಿದ್ದ, ಅವನ ಕೈಯಲ್ಲೂ ಬುಟ್ಟಿ. ಆಮೇಲೆ ಮತ್ತಿಬ್ಬರು. ಅವರವರ ಹೆಂಡತಿಯರು, ತಾಯಂದಿರು, ಸೊಸೆಯರು ಅವರತ್ತ ನೋಡಿದರು, ನೋಡಿ ಮತ್ತೆ ಗೋವಿಂದಮ್ಮನ ಕಡೆ ತಿರುಗಿದರು. ಒಬ್ಬಳೂ ಏಳಲಿಲ್ಲ.

ಹೊರಗೆ ಮಗ್ಗಗಳ ಸದ್ದು ತೆಳುವಾಯಿತು. ಮೂಲೆಮನೆಯದು ನಿಂತಿತು. ಎದುರುಸಾಲಿನಲ್ಲಿ ಎರಡು ಒಟ್ಟಿಗೆ ನಿಂತವು. ನಲ್ಲಿಯ ಕಡೆಯದೊಂದು ಮಾತ್ರ ಸ್ವಲ್ಪ ಹೊತ್ತು ಒಂಟಿಯಾಗಿ ಬಡಿದುಕೊಂಡಿತು. ಆಮೇಲೆ ಅದೂ ನಿಂತಿತು. ಬೀದಿಯಲ್ಲಿ ಕಾಗೆಯ ಕೂಗು ಕೇಳಿಸಿತು.

ಚಂದ್ರಣ್ಣ ಆ ಮೌನವನ್ನು ನಿಂತು ಕೇಳಿದ. ಕೈಯ ಬುಟ್ಟಿ ನೋಡಿದ, ಹೆಂಡತಿಯನ್ನು ನೋಡಿದ. ಯಜಮಾನಿಕೆ ಇರುವುದು ಕಟ್ಟಳೆ ಹೇಳಲಿಕ್ಕಾದರೂ ಅವನು ದಡ್ಡನಲ್ಲ. ಬುಟ್ಟಿಯನ್ನು ಹೊಸ್ತಿಲ ಪಕ್ಕ ಇಟ್ಟು ತಲೆಯ ರುಮಾಲು ತೆಗೆದ.

"ಬೊಮ್ಮಯ್ಯಾ, ಲಾಳಿ ತಗಾ," ಎಂದ. "ಬೀದಿ ನಿಂತೈತೆ."

ಬೊಮ್ಮಯ್ಯ ಮಗ್ಗದ ಗುಂಡಿಗೆ ಇಳಿದು ಲಾಳಿ ಎತ್ತಿಕೊಂಡ. ದೇವೇಂದ್ರ ಪದ್ಧತಿಯಂತೆ ಕತ್ತರಿ ತಂದ. ಬೊಮ್ಮಯ್ಯ ಮಗನ ಕೈ ಸರಿಸಿದ.

"ಕತ್ತರಿಸಬ್ಯಾಡ. ಅವ್ಳು ಒಂದ್ ಎಳೆ ಹರಿದ್ರೂ ಸಂಕಟ ಪಡ್ತಿದ್ಲು."

ಲಾಳಿಯನ್ನು ಹೆಂಡತಿಯ ಬಲಗೈಯ ಅಂಗೈಯಲ್ಲಿಟ್ಟ. ಅದರ ಕಣ್ಣಿನಿಂದ ಹೊರಟ ಅರಿಶಿನ ಬಣ್ಣದ ಎಳೆಯನ್ನು ಜ್ಯೋತಿಲಕ್ಷ್ಮಿ ಅತ್ತೆಯ ಬಿಡದ ಬೆರಳುಗಳ ನಡುವೆ ಹಾಯಿಸಿದಳು. ಬೆರಳುಗಳು ಅದಕ್ಕಾಗಿಯೇ ಕಾದಿದ್ದವೋ ಎಂಬಂತೆ ಎಳೆ ಸಲೀಸಾಗಿ ಕೂತಿತು.

"ಮಣ್ಣು ಮಾಡಿ ಬಂದ್ಮೇಲೆ ನಂದೂ ಬರ್ಕೊ," ಎಂದಳು ಯರ್ರಮ್ಮ ಮರುಳಪ್ಪನಿಗೆ. "ನಾಕು ಹಾಳೆ ಸಾಲಲ್ಲ, ಹೇಳಿರ್ತೀನಿ."

ಚಟ್ಟ ಎತ್ತಿದರು. ಒಂದು ಕೊಂಬಿಗೆ ಮಗ, ಒಂದಕ್ಕೆ ಚಂದ್ರಣ್ಣ. ಹೊಸ್ತಿಲು ದಾಟುವಾಗ ಎಲ್ಲರಿಗೂ ಎಳೆ ಹರಿಯುವ ಭಯ. ಹರಿಯಲಿಲ್ಲ. ಅರ್ಧಕ್ಕೆ ನಿಂತ ಸೀರೆಯಿಂದ ಹೊರಟ ಎಳೆ ಮಗ್ಗದಿಂದ ನಡುಮನೆಗೆ, ಜಗಲಿಗೆ, ಬೀದಿಗೆ ಬಂತು. ಗೋವಿಂದಮ್ಮ ಮುಂದೆ ಹೋದಂತೆಲ್ಲ ಕಂಡಿಕೆ ಲಾಳಿಯೊಳಗೆ ಬಿಚ್ಚಿಕೊಳ್ಳುತ್ತಿತ್ತು. ಎಳೆ ನೆಲಕ್ಕೆ ತಾಕಬಾರದೆಂದು ಹೆಂಗಸರು ಯಾರೂ ಹೇಳದೆಯೇ ಬೀದಿಯುದ್ದಕ್ಕೂ ಸಾಲಾಗಿ ನಿಂತು ಅಂಗೈ ಒಡ್ಡಿದರು. ಬುಟ್ಟಿ ಹಿಡಿದು ಬಂದಿದ್ದ ಗಂಡಸರು ಅದರಡಿಯಲ್ಲಿ ತಲೆ ತಗ್ಗಿಸಿ ದಾಟಿದರು.

ಜ್ಯೋತಿಲಕ್ಷ್ಮಿ ಹೊಸ್ತಿಲಲ್ಲಿಯೇ ನಿಂತಳು. ಮಸಣದ ತನಕ ಸೊಸೆಯರು ಹೋಗುವ ಹಾಗಿಲ್ಲ. ಚಟ್ಟ ನಲ್ಲಿಯನ್ನು ದಾಟಿ ಬೀದಿಯ ತಿರುವಿನಲ್ಲಿ ಮರೆಯಾಯಿತು. ಅವಳ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಎಳೆ ಇತ್ತು. ಅವಳು ಅದನ್ನು ಹಿಡಿಯಲಿಲ್ಲ. ಹೊತ್ತವರ ಒಂದೊಂದು ಹೆಜ್ಜೆಗೂ ಅದು ಸಣ್ಣಗೆ ಮಿಡಿಯುತ್ತಿತ್ತು, ಅವಳಿಗೆ ಗೊತ್ತಾಗುತ್ತಿತ್ತು.